ಧಾತು ಸಂವತ್ಸರದ ಬಾಕಿ

ಹೋದ ವರ್ಷದ ಮಳೆಗಾಲದಲ್ಲಿ ಮೋಮಿನಪುರದ ನಮ್ಮ ಮನೆ ಸೋರತೊಡಗಿತು. ಶಹಾಬಾದಿನ ಫರ್ಸಿ ಕಲ್ಲಿನ ಹಳೆಯ ಛಾವಣಿ ತೆಗೆಸಿ ಸ್ಲ್ಯಾಬ್ ಹಾಕಿಸುವುದೆಂದು ತೀರ್ಮಾನವಾಯಿತು. ಅಟ್ಟದ ಮೇಲಿನ ಸಾಮಾನು ಇಳಿಸುವಾಗ ತಗಡಿನ ಟ್ರಂಕೊಂದು ಕೆಳಗೆ ಬಂತು. ಚಿಕ್ಕವರಿದ್ದಾಗ ನಾವ್ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಅದರಲ್ಲಿ ಬಡೇ ದಾದಾನ ಕಾಗದ ಇದೆ ಎನ್ನುತ್ತಿದ್ದರು.

ಬಡೇ ದಾದಾ ಎಂದರೆ ನನ್ನ ಅಬ್ಬಾನ ಅಜ್ಜನ ಅಪ್ಪ. ಅವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಅಬ್ಬಾ ಬೇಡವೆಂದಿದ್ದಾರೆ. ಯಾಕೆ ಬೇಡವೆಂದರು ಎನ್ನುವುದು ಮುಂದೆ ಗೊತ್ತಾಗುತ್ತದೆ.

ನಮ್ಮ ಮನೆಯಲ್ಲಿ ಅವರ ಕತೆ ಹೀಗಿತ್ತು: ಬಡೇ ದಾದಾ ನಿಜಾಮರ ಫೌಜಿನಲ್ಲಿ ಜಮಾದಾರರಾಗಿದ್ದರು. ಅವರ ಬಹಾದುರಿಗೆ ಮೆಚ್ಚಿ ಸರ್ಕಾರ ಕಮಲಾಪುರದಲ್ಲಿ ಇನಾಮು ಜಮೀನು ಕೊಟ್ಟಿತು. ಅಲ್ಲಿಯ ಸಾಹುಕಾರನೊಬ್ಬ ಓದು ಬಾರದ ಅವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಜಮೀನು ನುಂಗಿದ. ಬರಿಗೈಯಲ್ಲಿ ಅವರು ಕಲಬುರಗಿಗೆ ಬಂದರು. ಅಬ್ಬಾ ಇದನ್ನು ಹೇಳುವಾಗ ಪ್ರತಿ ಸಲವೂ ದನಿ ಒಂದೇ ಕಡೆ ಏರುತ್ತಿತ್ತು, ಒಂದೇ ಕಡೆ ಇಳಿಯುತ್ತಿತ್ತು. ಹುಮನಾಬಾದಿನ ಕಡೆ ಬಸ್ಸಿನಲ್ಲಿ ಹೋಗುವಾಗ ಕಮಲಾಪುರ ಬಂದರೆ ಅವರು ಕಣ್ಣು ಮುಚ್ಚಿ ನಿದ್ದೆ ಬಂದವರಂತೆ ಕೂರುತ್ತಿದ್ದರು. (ಹಂಪಿಯ ಪಕ್ಕದ ಕಮಲಾಪುರವಲ್ಲ, ನಮ್ಮ ಜಿಲ್ಲೆಯದು. ಈಗ ತಾಲ್ಲೂಕೂ ಆಗಿದೆ.) ಆ ಊರಿನ ಕೆಂಪು ಬಾಳೆಹಣ್ಣಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ದೂರದೂರದಿಂದ ಬಂದವರು ಕೇಳಿ ಒಯ್ಯುತ್ತಾರೆ. ನಮ್ಮ ಮನೆಗೆ ಅದು ಒಮ್ಮೆಯೂ ಬಂದದ್ದಿಲ್ಲ.

ನಮ್ಮ ಓಣಿಯಲ್ಲಿ ಇಂಥ ಕತೆ ಇಲ್ಲದ ಮನೆ ಕಡಿಮೆ. ಒಬ್ಬರ ಹಿರಿಯರು ಬಗ್ದಾದಿನಿಂದ ಬಂದವರು, ಇನ್ನೊಬ್ಬರವರು ಬಂದೇನವಾಜರ ಜೊತೆಗೇ ದಿಲ್ಲಿಯಿಂದ ನಡೆದು ಬಂದವರು. ಹತ್ತಿರದ ಹಳ್ಳಿಯಿಂದ ಬಂದವರು ಯಾರೂ ಇಲ್ಲ.

ಟ್ರಂಕಿನೊಳಗೆ ಬಟ್ಟೆಯ ಗಂಟಿತ್ತು. ಗಂಟಿನಲ್ಲಿ ಮನೆಪಟ್ಟಿ ಕಟ್ಟಿದ ಹಳೆಯ ರಸೀದಿಗಳು, ಎಂ.ಎಸ್.ಕೆ. ಮಿಲ್ಲಿನ ಸಂಬಳದ ಚೀಟಿಗಳು, ಚಾರ್‌ಮಿನಾರ್ ಚಿತ್ರವಿದ್ದ ಒಂದು ಹಾಲಿ ಸಿಕ್ಕಾ ರೂಪಾಯಿ, ಮತ್ತು ನಾಲ್ಕು ಮಡಿಕೆಯ ಒಂದು ಕಾಗದ. ಮಡಿಕೆ ಬಿಚ್ಚಿದರೆ ಹರಿದೇಹೋಗುವಂತಿತ್ತು. ಅಬ್ಬಾ ಅದನ್ನು ಹಾಸಿಗೆಯ ಮೇಲೆ ಹರಡಿ, ಕೆಳತುದಿಯಲ್ಲಿದ್ದ ಒಂದು ಗುರುತಿನ ಮೇಲೆ ಬೆರಳಿಟ್ಟು ತೋರಿಸಿದರು. ಎರಡೂ ತುದಿ ಚೂಪಾಗಿ, ನಡುವೆ ಉಬ್ಬಿದ ಸಣ್ಣ ಆಕೃತಿ. ಒಂದು ತುದಿಯಿಂದ ಗೆರೆಯೊಂದು ಡೊಂಕಾಗಿ ಇಳಿದಿತ್ತು. “ಕಟ್ಯಾರ್,” ಎಂದರು. ಜಮಾದಾರರ ಕಠಾರಿ, ಅದಕ್ಕೆ ಕಟ್ಟಿದ ರೇಶ್ಮೆಯ ದಾರ. ಪಕ್ಕದಲ್ಲೇ ‘ನೂರ್‌ಬಾಫ್’ ಎಂದು ಬರೆದಿದೆಯಂತೆ, ಅದು ದರ್ಬಾರಿನಿಂದ ಬಂದ ಖಿತಾಬು.

“ನೀವು ಓದಿದ್ದೀರಾ?” ಎಂದು ಕೇಳಿದೆ.

ಓದಿರಲಿಲ್ಲ. ಅವರಪ್ಪ ಹೇಳಿದ್ದನ್ನು ಹೇಳುತ್ತಿದ್ದರು. ಅಬ್ಬಾ ಮೂವತ್ತು ವರ್ಷ ಉರ್ದು ಶಾಲೆಯಲ್ಲಿ ಕಲಿಸಿದವರು. ಆದರೆ ಆ ಕಾಗದ ಫಾರ್ಸಿಯಲ್ಲಿತ್ತು, ಅದೂ ಶಿಕಸ್ತಾ ಬರವಣಿಗೆ. ನುಕ್ತೆಗಳನ್ನು ಬಿಟ್ಟು, ಬಿಡಿ ಅಕ್ಷರಗಳನ್ನೂ ಒಂದಕ್ಕೊಂದು ಎಳೆದು ಕೂಡಿಸಿ ಓಡುವ ಗುಮಾಸ್ತರ ಕೈ. ನಿಜಾಮರ ಕಚೇರಿಗಳು ಫಾರ್ಸಿ ಬಿಟ್ಟು ಉರ್ದುವಿಗೆ ಬಂದದ್ದು 1880ರ ದಶಕದಲ್ಲಿ. ಅಬ್ಬಾ ನೌಕರಿಗೆ ಸೇರುವ ಹೊತ್ತಿಗೆ ಕಚೇರಿಯ ಉರ್ದುವೂ ಹೋಗಿ ಕನ್ನಡ ಬಂದಿತ್ತು. ಅದಕ್ಕೇ ನನ್ನನ್ನು ಕನ್ನಡ ಶಾಲೆಗೆ ಹಾಕಿದರು. ನಾನೀಗ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನಾಲ್ಕೈದು ತಲೆಮಾರಿನಲ್ಲಿ ನಮ್ಮ ಮನೆ ಮೂರು ಲಿಪಿ ದಾಟಿದೆ, ಹಿಂದಿನವರದನ್ನು ಮುಂದಿನವರು ಓದಲಾರರು. ಕಾಗದದ ಅಡಿಯಲ್ಲಿ ನಾನು ಓದಬಲ್ಲ ಒಂದೇ ಸಾಲಿತ್ತು. ಸಾಹುಕಾರನ ಸಹಿ. ಅದು ಕನ್ನಡದಲ್ಲಿತ್ತು.

ದರ್ಗಾದ ಕಡೆ ಹಿರಿಯ ಉಸ್ತಾದರೊಬ್ಬರಿದ್ದಾರೆ, ಹಳೆಯ ಫಾರ್ಸಿ ಓದುತ್ತಾರೆ ಎಂದು ಯಾರೋ ಹೇಳಿದರು. ಕಾಗದ ಹಿಡಿದು ಇಬ್ಬರೂ ಹೋದೆವು. ಅವರು ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿಗೆ ತಾಗಿಸಿಕೊಂಡಂತೆ ಹಿಡಿದು, ಒಂದೊಂದೇ ಪದ ಬಿಡಿಸಿದರು. ಇಂಥವರು, ವಲ್ದ್ ಇಂಥವರು, ಕೌಮ್ ಮೋಮಿನ್, ಪೇಶಾ ನೂರ್‌ಬಾಫಿ, ಸಾಕಿನ್ ಕಮಲಾಪುರ.

“ಪೇಶಾ?” ಎಂದರು ಅಬ್ಬಾ.

“ನೂರ್‌ಬಾಫಿ. ನೇಯ್ಗೆ.”

ನೂರ್ ಎಂದರೆ ಬೆಳಕು, ಬಾಫ್ ಎಂದರೆ ನೇಯುವವನು. ಬೆಳಕು ನೇಯುವವನು ಎಂಬುದು ಮೋಮಿನ್ ನೇಕಾರರಿಗೆ ಇದ್ದ ಹೆಸರು. ಖಿತಾಬಲ್ಲ, ಕಸುಬು. ಕಠಾರಿ ಎಂದುಕೊಂಡಿದ್ದು ಲಾಳಿ. ಅದರ ತುದಿಯಿಂದ ಇಳಿದ ಗೆರೆ ನೂಲು. ಆ ಕಾಲಕ್ಕೆ ಇಂಥ ಕಾಗದಗಳಿಗೆ ಹೆಬ್ಬೆಟ್ಟು ಒತ್ತುವ ರೂಢಿ ಇರಲಿಲ್ಲವಂತೆ. ಸಹಿ ಬಾರದ ಒಕ್ಕಲಿಗ ನೇಗಿಲು ಗೀಚುತ್ತಿದ್ದ, ಹೆಣ್ಣುಮಕ್ಕಳು ಬಳೆ ಬರೆಯುತ್ತಿದ್ದರು, ನೇಕಾರ ತನ್ನ ಲಾಳಿ ಬರೆಯುತ್ತಿದ್ದ.

ಫಸಲಿ 1284. ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ, ಅಂದರೆ 1874. ಎರಡು ಕುಣಿ ಮಗ್ಗಗಳನ್ನು ಅವುಗಳ ಸಾಮಾನಿನ ಸಮೇತ ಒತ್ತೆ ಇಟ್ಟು 41 ರೂಪಾಯಿ ಹಾಲಿ ಪಡೆದಿದ್ದಾರೆ. ಅಷ್ಟೇ. ಜಮೀನಿನ ಮಾತಿಲ್ಲ, ಇನಾಮಿಲ್ಲ, ಫೌಜಿಲ್ಲ.

ಉಸ್ತಾದರು ಕಾಗದ ತಿರುಗಿಸಿ ಮೂಲೆಗಳನ್ನು ನೋಡಿದರು. ಒಂದು ಮಾತು ತನಗೆ ತಿಳಿಯುತ್ತಿಲ್ಲ ಎಂದರು. ಒತ್ತೆ ಕಾಗದ ಸಾಲ ಕೊಟ್ಟವನ ಹತ್ತಿರ ಇರಬೇಕು. ಸಾಲ ತೀರಿದರೆ ಅದನ್ನು ಹರಿದು, ಇಲ್ಲವೇ ಮೂಲೆ ಸೀಳಿ ವಾಪಸು ಕೊಡುತ್ತಾರೆ. ಇದು ಹರಿದಿಲ್ಲ. ಹರಿಯದ ಕಾಗದ ಸಾಲಗಾರನ ಟ್ರಂಕಿನಲ್ಲಿ ಯಾಕಿದೆ?

ಬರುವಾಗ ಆಟೋದಲ್ಲಿ ಅಬ್ಬಾ ಮಾತಾಡಲಿಲ್ಲ. ಮುಸ್ಲಿಂ ಚೌಕದಲ್ಲಿ ಇಳಿದವರು, ಆಟೋದವನಿಗೆ ದುಡ್ಡು ಕೊಡುವುದನ್ನೂ ಮರೆತು ಮುಂದೆ ನಡೆದುಬಿಟ್ಟರು. ನನಗೆ ಮಾತ್ರ ಒಳಗೊಳಗೇ ಒಂದು ಬಗೆಯ ಖುಷಿ. ಎಲ್ಲಿಂದಲೋ ಬಂದ ಜಮಾದಾರನಿಗಿಂತ ಲಾಳಿ ಗೀಚಿದ ಆ ಮನುಷ್ಯ ನನಗೆ ಹತ್ತಿರದವನೆನಿಸಿದ್ದ. ಆದರೆ ಎಪ್ಪತ್ತೆಂಟು ವರ್ಷದ ಮುದುಕನ ಕಠಾರಿ ಕಿತ್ತುಕೊಂಡು ನಾನು ಖುಷಿಪಡುತ್ತಿದ್ದೇನೆ ಎನ್ನುವುದು ಮನೆ ಮುಟ್ಟಿದ ಮೇಲೆ ಹೊಳೆಯಿತು.

ಆಮೇಲೆ ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರಕ್ಕೂ ಒಮ್ಮೆ ಹೋಗಿ ಬಂದೆ. ನಿಜಾಮರ ಕಾಲದ ದಫ್ತರಗಳು ಅಲ್ಲಿವೆ. ನನ್ನಂಥವನಿಗೆ ಅದೊಂದು ಸಮುದ್ರ, ಓದಲು ಬಾರದ ಸಮುದ್ರ. ಹೈದರಾಬಾದ್ ಸಂಸ್ಥಾನದ ಮೊದಲ ಜನಗಣತಿ ನಡೆದದ್ದು 1881ರಲ್ಲಿ. ಅದರ ವರದಿಯಲ್ಲಿರುವುದು ತಲೆಗಳ ಲೆಕ್ಕ, ಹೆಸರುಗಳಲ್ಲ. ಬಡೇ ದಾದಾ ಆ ಮೊತ್ತದಲ್ಲಿ ಎಲ್ಲೋ ಒಂದು ಆಗಿ ಕೂತಿದ್ದಾರೆ. ನಮ್ಮಂಥ ಮನೆಗಳ ಹಿರಿಯರು ಸರ್ಕಾರದ ಕಾಗದಕ್ಕೆ ಹೆಸರು ಹಿಡಿದು ಬರಬೇಕಾದರೆ ತೆರಿಗೆ ಕೊಡಬೇಕಿತ್ತು, ಇಲ್ಲಾ ತಪ್ಪು ಮಾಡಬೇಕಿತ್ತು. ಉಳಿದಂತೆ ಅವರು ಬದುಕಿದ್ದಕ್ಕೆ ಗುರುತು ಇರುವುದು ಅಂಗಡಿಕಾರರ ಪುಸ್ತಕದಲ್ಲಿ. ಹಾಗಾಗಿ ಕಮಲಾಪುರಕ್ಕೇ ಹೋಗಬೇಕಾಯಿತು.

ಕಲಬುರಗಿಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಸಹಿಯಲ್ಲಿದ್ದ ಅಡ್ಡಹೆಸರು ಹಿಡಿದು ಕೇಳುತ್ತ ಹೋದರೆ ಎರಡನೆಯ ಅಂಗಡಿಯಲ್ಲೇ ಮನೆ ತೋರಿಸಿದರು. ನಾನು ಒಬ್ಬನೇ ಹೋಗಿದ್ದೆ. ಅಬ್ಬಾ ಬರಲಿಲ್ಲ, ಹೋಗಬೇಡ ಎಂದೂ ಅನ್ನಲಿಲ್ಲ.

ಕಟ್ಟೆಯ ಮೇಲೆ ವಿಭೂತಿ ಹಚ್ಚಿಕೊಂಡ ಮುತ್ಯಾ ಒಬ್ಬರು ಕೂತಿದ್ದರು. ಬಂದ ಕಾರಣ ಹೇಳಿದೆ. ಅವರು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು.

“ಜಮೀನಿಂದು ಏನರೆ ತಕರಾರ ಅದಾ ಏನ್ ತಮ್ಮ?”

“ಇಲ್ಲ ಮುತ್ಯಾ. ನಮ್ಮ ಹಿರಿಯರು ಯಾರಿದ್ದರು ಅಂತ ನೋಡಬೇಕಾಗ್ಯಾದ, ಅಷ್ಟೇ.”

“ನೋಡಿ ಏನ್ ಮಾಡ್ತಿ?”

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಅದೇ ಅವರಿಗೆ ನಂಬಿಕೆ ಹುಟ್ಟಿಸಿತೇನೋ. ಒಳಗೆ ಕರೆದು ಚಹಾ ಕೊಡಿಸಿದರು. ಅವರ ಮನೆಯಲ್ಲಿ ಹಳೆಯ ಖಾತೆ ಕೀರ್ದಿಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದರು, ದೀಪಾವಳಿಯಲ್ಲಿ ಹೊಸ ಪುಸ್ತಕದ ಜೊತೆ ಅವಕ್ಕೂ ಅರಿಶಿನ ಕುಂಕುಮ ಬೀಳುತ್ತದೆ. ಬಹಳಷ್ಟು ಗೆದ್ದಲಿಗೆ ಹೋಗಿವೆ. ಉಳಿದವನ್ನು ಇಳಿಸಲು ಮೊಮ್ಮಗ ಬರಬೇಕು, ಎಂಟು ದಿನ ಬಿಟ್ಟು ಬಾ ಎಂದರು. ಎಂಟು ದಿನದ ನಂತರ ಹೋದರೆ ಮೊಮ್ಮಗ ಬಂದಿರಲಿಲ್ಲ. ಮೂರನೆಯ ಸಲಕ್ಕೆ ಪುಸ್ತಕಗಳು ಕೆಳಗೆ ಬಂದವು.

ಅಕ್ಷರ ಕನ್ನಡದವೇ. ಆದರೂ ಕನ್ನಡ ಮೇಷ್ಟ್ರಾದ ನನಗೆ ಒಂದು ಸಾಲೂ ಓದಲಾಗಲಿಲ್ಲ. ಕೈ ಎತ್ತದೆ ಬರೆದ ಮೋಡಿ, ತಲೆಕಟ್ಟೂ ಇಲ್ಲ, ಪದಗಳ ನಡುವೆ ಜಾಗವೂ ಇಲ್ಲ. ಶಿಕಸ್ತಾದ ಎದುರು ಅಬ್ಬಾ ಹೇಗೆ ಕೂತಿದ್ದರೋ ನಾನು ಹಾಗೆಯೇ ಕೂತಿದ್ದೆ. ಮುತ್ಯಾ ಮಾತ್ರ ಬೆರಳಾಡಿಸುತ್ತ ಸರಸರನೆ ಓದಿದರು. ಅಲ್ಲಿ ಫಸಲಿ ಇಲ್ಲ, ಸಂವತ್ಸರದ ಹೆಸರು. ಭಾವ ಸಂವತ್ಸರದಲ್ಲಿ ಬಡೇ ದಾದಾನ ಖಾತೆ ಸಿಕ್ಕಿತು. ಹೆಸರಿನ ಮುಂದೆ ‘ಮೋಮಿನ’ ಎಂದಿತ್ತು.

ನಾವೆ 41. ಅದೇ ವರ್ಷ ಜಮಾ 5. ಮರುವರ್ಷ, ಯುವ ಸಂವತ್ಸರ, ರುಮಾಲು ಆರು, ಅದರ ಬಾಬತ್ತು ಜಮಾ 4 ರೂಪಾಯಿ 8 ಆಣೆ. ನಗದು ಇಲ್ಲದಾಗ ನೇಯ್ದದ್ದನ್ನೇ ತಂದುಕೊಟ್ಟಿದ್ದಾರೆ. ಅದರ ಮರುವರ್ಷ ಧಾತು.

ಧಾತು ಎಂದರೆ ನಮ್ಮ ಕಡೆಯ ಹಿರಿಯರಿಗೆ ಬೇರೆ ವಿವರಣೆ ಬೇಕಿಲ್ಲ. 1876ರ ಮಳೆ ಕೈಕೊಟ್ಟು, ದಖ್ಖನಿನಿಂದ ಮೈಸೂರು, ಮದರಾಸಿನವರೆಗೆ ಎರಡು ವರ್ಷ ಜನ ಲಕ್ಷಗಟ್ಟಲೆ ಸತ್ತ ಬರ. ಬರದಲ್ಲಿ ಬೆಳೆದವನಿಗಿಂತ ಮೊದಲು ನೇಕಾರ ಬೀಳುತ್ತಾನೆ. ಜೋಳ ತುಟ್ಟಿಯಾದ ದಿನವೇ ಜನ ರುಮಾಲು ಕೊಳ್ಳುವುದನ್ನು ನಿಲ್ಲಿಸುತ್ತಾರೆ. ಒಕ್ಕಲಿಗನ ಮನೆಯ ಹಗೇವಿನಲ್ಲಿ ಹೋದ ವರ್ಷದ ಕಾಳು ಸ್ವಲ್ಪವಾದರೂ ಇದ್ದೀತು, ನೇಕಾರನ ಮನೆಯಲ್ಲಿ ಇರುವುದು ನೂಲು. ಅದನ್ನು ತಿನ್ನಲು ಬರುವುದಿಲ್ಲ.

ಧಾತು ಸಂವತ್ಸರದ ಹಾಳೆಯಲ್ಲಿ ಜಮಾ ಕಡೆ ಏನೂ ಇಲ್ಲ. ನಾವೆ ಕಡೆ ಜೋಳ, ಮತ್ತೆ ಜೋಳ, ಮತ್ತೆ ಜೋಳ. ಮೂರು ಸಲದ್ದು ಸೇರಿ 5 ರೂಪಾಯಿ 8 ಆಣೆ. ಓದುತ್ತಿದ್ದ ಮುತ್ಯಾ ಇಲ್ಲಿ ನಿಂತರು. ಹಿಂದಕ್ಕೆ ಹೋಗಿ ಇನ್ನೊಮ್ಮೆ ಓದಿದರು.

ಅವರ ಮನೆಯಲ್ಲೂ ಒಂದು ಕತೆ ಇತ್ತು. ಆ ಬರದಾಗ ಅವರ ಹಿರಿಯರು ಹಗೇವು ತೆಗೆದು ಊರಿಗೆಲ್ಲ ಧರ್ಮಕ್ಕೆ ಜೋಳ ಹಂಚಿದರು ಎಂದು. ಜಾತ್ರೆಯಲ್ಲಿ, ಮದುವೆಯಲ್ಲಿ ಅವರು ಅದನ್ನು ಹೇಳಿಕೊಂಡು ಬಂದವರು.

“ಇಲ್ಲಿ ರೊಕ್ಕ ಬರ್ದಾರಲ್ಲ,” ಎಂದರು. “ದರಾನೂ ಏರ್ಸ್ಯಾರ. ಮೊದಲ್ನೇ ಸಲಕ್ಕೂ ಮೂರ್ನೇ ಸಲಕ್ಕೂ ದುಪ್ಪಟ್ಟಿಗಿಂತ ಜಾಸ್ತಿ ಆಗ್ಯಾದ.”

ನಾನು ಸುಮ್ಮನಿದ್ದೆ. ನಮ್ಮ ಮನೆಯ ಕಠಾರಿಯ ಸಂಗತಿ ಅವರಿಗೆ ಹೇಳಬೇಕೆನಿಸಿತು, ಹೇಳಲಿಲ್ಲ.

ಮಾರ್ಗಶಿರದಲ್ಲಿ, ಅಂದರೆ 1876 ಮುಗಿಯುತ್ತ ಬಂದಾಗ, ಒಂದು ಸಾಲು: ಕುಟುಂಬ ಸಹಿತ ಕಲಬುರ್ಗಿಗೆ ಹೋದ. ಬಾಕಿ 37. ಹಳೆಯ ಬರವಣಿಗೆಯಲ್ಲಿ ಕುಟುಂಬ ಎಂದರೆ ಎಷ್ಟೋ ಸಲ ಹೆಂಡತಿ ಎಂದೇ ಅರ್ಥ. ಬಡೇ ದಾದಾನ ಹೆಂಡತಿಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಕತೆಯಲ್ಲಿ ಅವರು ಇಲ್ಲವೇ ಇಲ್ಲ. ಈ ಒಂದು ಪದದಲ್ಲಿ ಮಾತ್ರ ಇದ್ದಾರೆ. ಅವರ ಕಂಕುಳಲ್ಲಿ ಅಬ್ಬಾನ ಅಜ್ಜ ಇದ್ದಿರಬೇಕು, ಆಗ ಒಂದೋ ಎರಡೋ ವರ್ಷದ ಕೂಸು. ಯಾಕೆ ಕಲಬುರಗಿ ಎಂಬುದನ್ನು ಊಹಿಸಬಹುದು. 1871ರಲ್ಲಿ ಬೊಂಬಾಯಿ ಮತ್ತು ಮದರಾಸಿನ ರೈಲುಹಾದಿಗಳು ರಾಯಚೂರಿನಲ್ಲಿ ಕೂಡಿಕೊಂಡಿದ್ದವು, ಆ ಹಾದಿ ಕಲಬುರಗಿಯ ಮೇಲೇ ಹೋಗುತ್ತದೆ. ರೈಲು ಬರುವ ಊರಿಗೆ ಕಾಳು ಬರುತ್ತದೆ. ಕಾಳಿನ ಮೂಟೆ ಇಳಿಸುವವರೂ ಬೇಕಾಗುತ್ತಾರೆ.

ಮುಂದೆ ಈಶ್ವರ, ಬಹುಧಾನ್ಯ, ಪ್ರಮಾಥಿ, ವಿಕ್ರಮ, ವೃಷ. ಪ್ರತಿ ವರ್ಷ ಒಂದೇ ಸಾಲು, ಬಾಕಿ 37. ಬಡ್ಡಿ ಬೇರೆ ಪುಸ್ತಕದಲ್ಲಿ ಬರೆಯುತ್ತಿದ್ದರಂತೆ, ಅದು ಉಳಿದಿಲ್ಲ. ಚಿತ್ರಭಾನು ಸಂವತ್ಸರದಲ್ಲಿ, 1882ರ ಹೊತ್ತಿಗೆ, ಬೇರೆ ಕೈಬರಹದಲ್ಲಿ ಇನ್ನೊಂದು ಸಾಲು ಸೇರಿದೆ: ಕಾಗದ ಕೊಟ್ಟದ್ದು. ಆಮೇಲೆ ಖಾತೆ ಇಲ್ಲ.

“ಚುಕ್ತಾ ಅಂತ ಬರ್ದಾರೇನು?” ಎಂದೆ.

“ಇಲ್ಲ. ಬಿಟ್ಟೇವಿ ಅಂತಾನೂ ಬರ್ದಿಲ್ಲ.”

ಯಾರು ಬಂದು ಕೇಳಿದರು, ಯಾಕೆ ಕೊಟ್ಟರು, ಒಂದೂ ಇಲ್ಲ. ಬರ ಕಳೆದ ಮೇಲೆ ಬಡೇ ದಾದಾ ಆ ದಾರಿಯನ್ನು ತಿರುಗಿ ನಡೆದಿರಬಹುದು. ಮಗ್ಗ ಎಂದೋ ಮುರಿದುಹೋಗಿತ್ತೇನೋ, ಒತ್ತೆಯೇ ಇಲ್ಲದ ಮೇಲೆ ಕಾಗದ ಇಟ್ಟುಕೊಂಡು ಏನು ಮಾಡುವುದೆಂದು ಸಾಹುಕಾರ ಕೊಟ್ಟಿರಬಹುದು. ಹೊಸಬರು ಅಂಗಡಿಯಲ್ಲಿ ಕೂತು ಹಳೆಯ ಲೆಕ್ಕ ಜಾಲಾಡಿಸಿರಲೂಬಹುದು. ಒಂದು ಮಾತ್ರ ಖಂಡಿತ, ಅದಾದ ಮೇಲೆ ನಮ್ಮ ಮನೆಯಲ್ಲಿ ಮಗ್ಗವಿಲ್ಲ. ಆ ದಶಕದಲ್ಲೇ ಕಲಬುರಗಿಯಲ್ಲಿ ಮೆಹಬೂಬ್ ಶಾಹಿ ಮಿಲ್ಲು ಎದ್ದಿತು. ಕಂಕುಳಲ್ಲಿ ಬಂದ ಕೂಸು ಬೆಳೆದು ಅದೇ ಮಿಲ್ಲಿಗೆ ಸೇರಿತು. ಟ್ರಂಕಿನಲ್ಲಿದ್ದ ಚೀಟಿಗಳು ಅವನವು.

ಮನೆಗೆ ಬಂದು ಎಲ್ಲ ಹೇಳಿದೆ. ಅಬ್ಬಾಗೆ ಹಗುರಾದೀತು ಎಂದುಕೊಂಡಿದ್ದೆ. ಯಾರೂ ನಮ್ಮ ಜಮೀನು ನುಂಗಿಲ್ಲ, ಕಣ್ಣುಮುಚ್ಚಿ ಕೂರುವ ಕಾರಣವಿಲ್ಲ. ಅವರು ಕೇಳಿದ್ದು ಒಂದೇ ಮಾತು, ದಖನಿಯಲ್ಲಿ: “ಕಿತ್ತಾ ಬಾಕಿ ಬೋಲಾ?”

“ಮೂವತ್ತೇಳು.”

ನಮ್ಮಲ್ಲಿ ಜನಾಜಾ ನಮಾಜಿಗೆ ಮುಂಚೆ ಮನೆಯವರು ನಿಂತು, ತೀರಿಕೊಂಡವರ ಮೇಲೆ ಯಾರದಾದರೂ ಸಾಲವಿದ್ದರೆ ಬಂದು ಹೇಳಿ, ನಾವು ತೀರಿಸುತ್ತೇವೆ ಎಂದು ಜನರೆದುರು ಹೇಳುತ್ತಾರೆ. ಸಾಲ ತೀರುವ ತನಕ ಸತ್ತವನ ಜೀವಕ್ಕೆ ಬಿಡುಗಡೆಯಿಲ್ಲ ಎನ್ನುತ್ತಾರೆ. ಅಬ್ಬಾ ತಮ್ಮ ಅಪ್ಪನ ಜನಾಜಾದಲ್ಲಿ ಹೀಗೆ ನಿಂತು ಹೇಳಿದವರು. ಬಡೇ ದಾದಾ ತೀರಿಕೊಂಡಾಗಲೂ ಯಾರೋ ಹೇಳಿರುತ್ತಾರೆ, ಕಮಲಾಪುರಕ್ಕೆ ಅದು ಕೇಳಿಸಿರಲಿಕ್ಕಿಲ್ಲ. ಹೆಸರು ಬರೆಯಬೇಡ ಎಂದದ್ದು ಇದಕ್ಕೇ. ಸಾಲ ತೀರದ ಮನುಷ್ಯನ ಹೆಸರನ್ನು ಊರಿಗೆಲ್ಲ ಓದಿಸಬಾರದು.

ನಾನು ವಾದ ಮಾಡಿದೆ. ಕಾಗದ ವಾಪಸು ಕೊಟ್ಟಿದ್ದಾರಲ್ಲ, ಬಿಟ್ಟಂತೆಯೇ ಅಲ್ಲವೇ ಎಂದೆ. “ಬಿಟ್ಟೆ ಅಂತ ಬಾಯಿಂದ ಅನ್ನಬೇಕು,” ಎಂದರು. ಮಾರನೆಯ ದಿನದಿಂದ ಲೆಕ್ಕ ಶುರುವಾಯಿತು. ಏಳು ಹಾಲಿಗೆ ಆರು ಕಲ್ದಾರ್ ಎಂಬುದು ಅವರಿಗೆ ಚಿಕ್ಕಂದಿನ ನೆನಪು. ಆ ಲೆಕ್ಕದಲ್ಲಿ 37 ಹಾಲಿ ಎಂದರೆ 31 ರೂಪಾಯಿ 11 ಆಣೆ ಚಿಲ್ಲರೆ. ಅಷ್ಟನ್ನು ಈಗ ಕೊಟ್ಟರೆ ನಗುತ್ತಾರೆ ಎಂದು ಅವರೇ ತಳ್ಳಿಹಾಕಿದರು. ಬೆಳ್ಳಿಯ ಮೇಲೆ ಲೆಕ್ಕ ಹಿಡಿಯುವುದೇ ನ್ಯಾಯ ಎಂದು ಟ್ರಂಕಿನ ಹಾಲಿ ರೂಪಾಯಿಯನ್ನು ಸರಾಫರ ಅಂಗಡಿಗೆ ಒಯ್ದು ತೂಗಿಸಿದರು. ತೊಲೆಗೆ ಸ್ವಲ್ಪ ಕಡಿಮೆ. ಚಾರ್‌ಮಿನಾರಿನ ನಾಣ್ಯ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ, ಬಡೇ ದಾದಾ ಪಡೆದದ್ದು ಕೈಯಿಂದ ಬಡಿದ ಹಳೆಯ ಸಿಕ್ಕಾ ಎಂದು ನಾನು ಹೇಳಿದ್ದು ಅವರಿಗೆ ಹಿಡಿಸಲಿಲ್ಲ. ಮಾತ್ರೆಯ ಚೀಟಿಯ ಹಿಂದೆ ಮೊತ್ತ ಬರೆದರು. ಮನೆಯ ಸ್ಲ್ಯಾಬಿಗೆ ಇಟ್ಟಿದ್ದ ದುಡ್ಡಿನಿಂದ ತೆಗೆಯಬೇಕಾಗುತ್ತಿತ್ತು. ಅಮ್ಮಿ ಏನೂ ಅನ್ನಲಿಲ್ಲ. ಅಟ್ಟ ಮೊದಲೇ ಇಳಿಸಬಾರದಿತ್ತು ಎಂದಷ್ಟೇ ಗೊಣಗಿದರು.

ಈ ಜ್ಯೇಷ್ಠದಲ್ಲಿ ಇಬ್ಬರೂ ಹೋದೆವು. ಕಮಲಾಪುರ ಬಂದಾಗ ಅಬ್ಬಾ ಕಣ್ಣು ತೆರೆದೇ ಇದ್ದರು. ಬಸ್ಸಿಳಿದು ಕೆಂಪು ಬಾಳೆಹಣ್ಣಿನ ಗಾಡಿಯ ಮುಂದೆ ನಿಂತು ಡಜನ್ನಿಗೆ ಎಷ್ಟೆಂದು ಕೇಳಿದರು. ತುಟ್ಟಿ ಎಂದು ಮುಂದೆ ನಡೆದರು.

“ಬರ್ರಿ ಮಾಸ್ತರ್ರ, ಕುಂದ್ರಿ,” ಎಂದರು ಮುತ್ಯಾ. ಅಬ್ಬಾ ಕುಳಿತುಕೊಳ್ಳುವ ಮೊದಲೇ ಲಕೋಟೆ ಮುಂದಿಟ್ಟರು. ಸಾವ್ಕಾರ್ರ, ಇದು ನಮ್ಮ ಹಿರಿಯರ ಬಾಕಿ ಎಂದರು. ಮುತ್ಯಾ ಮುಟ್ಟಲಿಲ್ಲ. ಹಳೇ ಲೆಕ್ಕ ತೆಗೆದರೆ ನಾವೂ ಎಷ್ಟು ಮಂದಿಗೆ ಕೊಡೋದದಾವೋ ಎಂದು ನಕ್ಕು ತೇಲಿಸಲು ನೋಡಿದರು. ಅಬ್ಬಾ ನಗಲಿಲ್ಲ. ಬಿಟ್ಟೇವಿ ಅನ್ನಿ, ಇಲ್ಲಾ ತಗೊಳ್ಳಿ, ಎರಡರಾಗ ಒಂದು ಆಗಲೇಬೇಕು ಎಂದು ಹಿಡಿದರು.

ಬಿಟ್ಟೇವಿ ಎನ್ನಲು ಮುತ್ಯಾಗೆ ಮನಸ್ಸಿಲ್ಲ. “ನಾ ಯಾರ್ರಿ ಬಿಡ್ಲಾಕ? ಕೊಟ್ಟವ್ರು ನಾ ಅಲ್ಲ.” ಬಹಳ ಹೊತ್ತಿನ ಮೇಲೆ ಒಪ್ಪಿದರು, ಆದರೆ ಒಂದು ತಕರಾರು ತೆಗೆದರು. ಸಾಲದ್ದು ತಗೊಳ್ತೀನಿ, ಜೋಳದ್ದು ತಗೊಳ್ಳೋದಿಲ್ಲ. 37ರಲ್ಲಿ 5 ರೂಪಾಯಿ 8 ಆಣೆ ಕಳೆದು 31 ರೂಪಾಯಿ 8 ಆಣೆಯದ್ದು ಕೊಡಿ. “ಬರದಾಗಿನ ಜೋಳದ ರೊಕ್ಕ ನಮ್ಮನಿಗಿ ಬ್ಯಾಡ್ರಿ ಮಾಸ್ತರ್ರ.” ಅಬ್ಬಾ ಕೇಳುವವರಲ್ಲ. ತಿಂದದ್ದು ನಮ್ಮವರು, ಅದನ್ನು ಬಿಟ್ಟು ಕೊಟ್ಟರೆ ಬಾಕಿ ಹಾಗೇ ಉಳಿಯುತ್ತದೆ ಎಂದರು. ಇಬ್ಬರು ಮುದುಕರು 5 ರೂಪಾಯಿ 8 ಆಣೆಗಾಗಿ, ಒಬ್ಬರು ಕೊಡಲೇಬೇಕೆಂದು, ಇನ್ನೊಬ್ಬರು ತಗೊಳ್ಳುವುದೇ ಇಲ್ಲವೆಂದು, ಮಧ್ಯಾಹ್ನದ ನಮಾಜಿನ ಹೊತ್ತು ಮೀರುವ ತನಕ ಜಗಳಾಡಿದರು. ಮೊಮ್ಮಗ ಮೊಬೈಲು ನೋಡುತ್ತ ಕೂತಿದ್ದ. ನಾನು ಎರಡು ಸಲ ಚಹಾ ಕುಡಿದೆ.

ಕೊನೆಗೆ ಮುತ್ಯಾ ಇನ್ನೊಂದು ನೆನಪಿಸಿದರು. ಹಳೆಯ ಕೀರ್ದಿಯಲ್ಲಿ ಯಾವತ್ತು ಬೇಕಾದರೂ ಬರೆಯಲು ಬರುವುದಿಲ್ಲ. ದೀಪಾವಳಿಯ ಪಾಡ್ಯದ ದಿನ ಪುಸ್ತಕ ಇಳಿಸಿ ಪೂಜೆ ಮಾಡುತ್ತೇವೆ, ಅವತ್ತು ಬನ್ನಿ. ಎಷ್ಟೆಂಬುದನ್ನು ಅವತ್ತೇ ನೋಡೋಣ. ಚುಕ್ತಾ ಅಂತ ನನ್ನ ಕೈಯಿಂದಲೇ ಬರೆದು ಕೊಡುತ್ತೇನೆ, ಮೋಡಿಯಲ್ಲಿ. ಅಬ್ಬಾ ಲಕೋಟೆಯನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡರು.

ಈಗ ಶ್ರಾವಣ. ಅಬ್ಬಾಗೆ ಸಕ್ಕರೆ ಕಾಯಿಲೆ ಏರಿದೆ, ಬಲಗಾಲಿನ ಹುಣ್ಣು ಮಾಯುತ್ತಿಲ್ಲ. ಮುತ್ಯಾನ ಎದೆನೋವಿಗೆ ಸೊಲ್ಲಾಪುರದ ಡಾಕ್ಟರಿಗೆ ತೋರಿಸಿಕೊಂಡು ಬಂದೆವು ಎಂದು ಮೊಮ್ಮಗ ಫೋನಿನಲ್ಲಿ ಹೇಳಿದ. ಲಕೋಟೆ ಟ್ರಂಕಿನಲ್ಲಿ, ಕಾಗದದ ಪಕ್ಕದಲ್ಲಿದೆ. ಮೊನ್ನೆ ಶುಕ್ರವಾರ ನಮಾಜಿನಿಂದ ಬಂದವರು ಗೋಡೆಯ ಕನ್ನಡ ಕ್ಯಾಲೆಂಡರಿನ ಮುಂದೆ ನಿಂತು ನನ್ನನ್ನು ಕರೆದರು. ಆ ಸಣ್ಣ ಅಕ್ಷರ ಅವರಿಗೆ ಕಾಣುವುದಿಲ್ಲ. ಪಾಡ್ಯ ಯಾವತ್ತು ಎಂದು ಕೇಳಿದರು. ಹಾಳೆ ಮಗುಚಿ ತೋರಿಸಿದೆ. ಅದರ ಸುತ್ತ ಗೆರೆ ಎಳೆ ಎಂದು ಜೇಬಿನಿಂದ ಪೆನ್ನು ತೆಗೆದು ಕೊಟ್ಟರು.